ಬೂದು ಬಣ್ಣದ ಸಾಲುಗಳು

ಮರದ ಸಾಮಾನು ಮಾಡುವ ಆ ಕಂಪನಿಯಲ್ಲಿ ಅವಳಿಗೂ ಒಂದು ಹೆಸರಿತ್ತು, ಸಂಬಳದ ಚೀಟಿಯ ಮೇಲೆ ತಿಂಗಳು ತಿಂಗಳು ಅಚ್ಚಾಗುತ್ತಲೂ ಇತ್ತು. ಆದರೆ ಗೇಟಿನ ಕಾವಲುಗಾರನಿಂದ ಹಿಡಿದು ಮ್ಯಾನೇಜರ್‌ವರೆಗೆ ಎಲ್ಲರ ಬಾಯಲ್ಲೂ ಅವಳು ಪುಸ್ತಕದಕ್ಕ. ಬೀರು, ಮಂಚ, ಕಪಾಟು ಇವೆಲ್ಲ ಬಿಡಿಬಿಡಿಯಾಗಿ ಡಬ್ಬದಲ್ಲಿ ಮನೆಗೆ ಬಂದಾಗ ಜೊತೆಗೊಂದು ತೆಳ್ಳನೆಯ ಪುಸ್ತಕ ಇರುತ್ತದಲ್ಲ, ಯಾವ ಹಲಗೆಗೆ ಯಾವ ಸ್ಕ್ರೂ ಎಂದು ಹೇಳುವಂಥದ್ದು, ಜನ ಮೊದಲು ಬಿಸಾಡಿ ಆಮೇಲೆ ಕಸದ ಬುಟ್ಟಿಯಿಂದ ಹೆಕ್ಕಿ ತಂದು ಓದುವಂಥದ್ದು, ಅದನ್ನು ಬರೆಯುವವಳು ಅವಳೇ.

ಪುಸ್ತಕದ ವಿಭಾಗದಲ್ಲಿ ಒಂದು ಕಾಲಕ್ಕೆ ಐದು ಜನ ಇದ್ದರು. ಒಬ್ಬೊಬ್ಬರಾಗಿ ಎದ್ದು ಹೋದರು. ಕುರ್ಚಿಗಳು ಮಾತ್ರ ಹೋಗಲಿಲ್ಲ. ನಾಲ್ಕು ಖಾಲಿ ಕುರ್ಚಿಗಳ ಮಧ್ಯೆ ಕೂತು ಕೆಲಸ ಮಾಡುವುದು, ಊಟ ಮುಗಿಸಿ ಎಲ್ಲರೂ ಎದ್ದ ಮೇಲೂ ಪಂಕ್ತಿಯಲ್ಲಿ ಕೂತಿದ್ದ ಹಾಗೆ. ಅದಕ್ಕೇ ಅವಳು ಒಂದರ ಮೇಲೆ ಚೀಲ, ಒಂದರ ಮೇಲೆ ಕೊಡೆ, ಉಳಿದೆರಡರ ಮೇಲೆ ಹಳೆಯ ಪುಸ್ತಕಗಳ ಕಟ್ಟು ಇಟ್ಟು ಅವುಗಳ ಬಾಯಿ ಮುಚ್ಚಿಸಿದ್ದಳು.

ಒಂದೇ ಬೀರುವಿಗೆ ಎರಡು ಪುಸ್ತಕ ಬೇಕು. ಮನೆಯಲ್ಲಿ ತಾವೇ ಜೋಡಿಸಿಕೊಳ್ಳುವವರಿಗೆ ಒಂದು, ಅಂಗಡಿಯ ಫಿಟ್ಟರ್‌ಗಳಿಗೆ ಇನ್ನೊಂದು. ಎರಡನ್ನೂ ಬೇರೆಬೇರೆ ಬರೆದರೆ ಒಂದರಲ್ಲಿ ತಿದ್ದಿದ ತಪ್ಪು ಇನ್ನೊಂದರಲ್ಲಿ ಹಾಗೇ ಉಳಿದುಬಿಡುತ್ತದೆ. ಅದಕ್ಕೆ ಅವಳ ಸಾಫ್ಟ್‌ವೇರಿನಲ್ಲಿ ಒಂದು ಉಪಾಯವಿತ್ತು. ಷರತ್ತಿನ ಪಠ್ಯ ಎಂದು ಅದರ ಹೆಸರು. ಎಲ್ಲವನ್ನೂ ಒಂದೇ ಫೈಲಿನಲ್ಲಿ ಬರೆಯಬೇಕು, ಯಾರಿಗೆ ಯಾವ ಸಾಲೋ ಅದಕ್ಕೊಂದು ಬಣ್ಣ ಹಚ್ಚಬೇಕು. ಬಣ್ಣವಿಲ್ಲದ ಕಪ್ಪು ಸಾಲು ಎಲ್ಲರಿಗೂ. ಹಸಿರು ಮನೆಯವರಿಗೆ, ನೀಲಿ ಫಿಟ್ಟರ್‌ಗಳಿಗೆ. ಮನೆಯವರ ಪುಸ್ತಕ ಬೇಕೆಂದರೆ ನೀಲಿಯನ್ನು ಮುಚ್ಚಿ ಪ್ರಿಂಟ್ ಕೊಟ್ಟರಾಯಿತು. ಮುಚ್ಚಿದ್ದು ಅಳಿಸಿಹೋಗುವುದಿಲ್ಲ. ನೆಂಟರು ಬಂದಾಗ ಹರಕು ಚಾಪೆಯನ್ನು ಮಂಚದ ಕೆಳಗೆ ತಳ್ಳಿದ ಹಾಗೆ, ಇರುತ್ತದೆ, ಕಾಣುವುದಿಲ್ಲ ಅಷ್ಟೇ.

ಪುಸ್ತಕದಕ್ಕನ ಫೈಲುಗಳಲ್ಲಿ ಮೂರನೆಯ ಬಣ್ಣವೊಂದಿತ್ತು. ಬೂದು. ಅದಕ್ಕೆ ಅವಳು ಇಟ್ಟ ಹೆಸರು 'ಒಬ್ಬರೇ'.

ಅದು ಹುಟ್ಟಿದ್ದು ಹೀಗೆ. ಬರೆಯುವವರು ತಮ್ಮ ಕೈಯಾರೆ ಒಮ್ಮೆ ಜೋಡಿಸಿ ನೋಡದೆ ಯಾವ ಪುಸ್ತಕವೂ ಹೊರಗೆ ಹೋಗಬಾರದು ಎಂಬುದು ಆ ವಿಭಾಗದ ಹಳೆಯ ಕಟ್ಟಳೆ. ಮೊದಲೆಲ್ಲ ಪರೀಕ್ಷೆಯ ಕೋಣೆಯಲ್ಲಿ ಅವಳ ಜೊತೆ ಒಬ್ಬ ಮೇಸ್ತ್ರಿ ಇರುತ್ತಿದ್ದ. ಹಲಗೆಯ ಆ ತುದಿ ಅವನು, ಈ ತುದಿ ಅವಳು. "ಅಕ್ಕಾ, ನೀವು ಹಿಡ್ಕೊಂಡಿದ್ದೀರೋ, ಹಲಗೆ ನಿಮ್ಮನ್ನ ಹಿಡ್ಕೊಂಡಿದ್ಯೋ?" ಎಂದು ರೇಗಿಸುತ್ತಿದ್ದ. ನಾಲ್ಕು ವರ್ಷದ ಹಿಂದೆ ಅವನ ನಿವೃತ್ತಿಯಾಯಿತು. ಅವನ ಜಾಗಕ್ಕೆ ಯಾರೂ ಬರಲಿಲ್ಲ, ಕಟ್ಟಳೆ ಮಾತ್ರ ಇತ್ತು. ಅವಳು ಒಬ್ಬಳೇ ಜೋಡಿಸತೊಡಗಿದಳು. ಹಲಗೆಯ ಇನ್ನೊಂದು ತುದಿಗೆ ಕುರ್ಚಿಯ ಬೆನ್ನು ಕೊಟ್ಟಳು. ಬಾಗಿಲಿನ ಅಡಿಗೆ ಹಳೆಯ ಪುಸ್ತಕಗಳನ್ನು ಒಂದೊಂದಾಗಿ ಪೇರಿಸಿ ತಿರುಗಣೆ ಕೀಲಿನ ಎತ್ತರಕ್ಕೆ ತಂದಳು. ಗೋಡೆಗೆ ಬೆನ್ನು ಕೊಟ್ಟು, ಮೊಣಕಾಲಲ್ಲಿ ಒತ್ತಿ, ಹಲ್ಲಲ್ಲಿ ಸ್ಕ್ರೂ ಕಚ್ಚಿ ಬೀರು ನಿಲ್ಲಿಸಿದಳು. ಆಮೇಲೆ ತನ್ನ ಮೇಜಿಗೆ ಬಂದು 'ಇಬ್ಬರು ಎರಡು ಕಡೆ ಹಿಡಿದು ಎತ್ತಿ' ಎಂದು ಬರೆಯುವಾಗ ಕೈ ತಡೆಯಿತು. ಅದನ್ನೂ ಬರೆದಳು; ಅದರ ಕೆಳಗೆ ತಾನು ನಿಜವಾಗಿ ಮಾಡಿದ್ದನ್ನೂ ಬರೆದು ಬೂದು ಹಚ್ಚಿ ಮುಚ್ಚಿಟ್ಟಳು.

ನಾಲ್ಕು ವರ್ಷದಲ್ಲಿ ಮೂವತ್ತೊಂದು ಸಾಮಾನು. ಬೂದು ಸಾಲುಗಳು ಬರಬರುತ್ತಾ ಉದ್ದವಾದವು. ಮೊದಮೊದಲು 'ಕುರ್ಚಿ ಕೊಡಿ' ಎಂದಷ್ಟೇ ಇದ್ದದ್ದು, ಆಮೇಲೆ 'ಈಗ ಸ್ವಲ್ಪ ಕೂತು ನೀರು ಕುಡಿಯಿರಿ, ಯಾರೂ ಕಾಯುತ್ತಿಲ್ಲ' ಎಂದಾಯಿತು. ಯಾವ ಪುಸ್ತಕದಲ್ಲೂ ಅದನ್ನು ಅವಳು ತೆರೆದು ಅಚ್ಚು ಹಾಕಿಸಿರಲಿಲ್ಲ. ಯಾರಿಗೂ ತೋರಿಸಿರಲೂ ಇಲ್ಲ. ಮನೆಯಲ್ಲಂತೂ ತೋರಿಸಲು ಯಾರಿದ್ದಾರೆ? ತಂಗಿ ತನ್ನ ಸಂಸಾರ ಕಟ್ಟಿಕೊಂಡು ಹೋಗಿ ಹನ್ನೊಂದು ವರ್ಷ. ಭಾನುವಾರ ಫೋನ್ ಮಾಡಿ "ಊಟ ಆಯ್ತಾ ಅಕ್ಕಾ?" ಎನ್ನುವಳು, "ಆಯ್ತು ಕಣೇ" ಎಂಬ ಉತ್ತರ ಪೂರ್ತಿ ಬರುವಷ್ಟರಲ್ಲಿ ಆ ಕಡೆ ಮಕ್ಕಳ ಜಗಳ ಶುರುವಾಗಿರುತ್ತಿತ್ತು.

ಒಂದು ಮಂಗಳವಾರ ಬೆಳಿಗ್ಗೆ ಮೇಲಿನ ಮಹಡಿಯಿಂದ ಫೋನಮ್ಮ ಕರೆದಳು. ಗಿರಾಕಿಗಳ ದೂರು ಕೇಳುವುದು ಅವಳ ಕೆಲಸ. ಎರಡು ಮಕ್ಕಳ ತಾಯಿ, ಇಡೀ ದಿನ ಬೈಸಿಕೊಂಡೂ ನಗುವ ಗಟ್ಟಿಗಿತ್ತಿ.

"ಅಕ್ಕಾ, ಒಬ್ಬ ಯಜಮಾನರು ಲೈನಲ್ಲಿದ್ದಾರೆ. ಬೈತಿಲ್ಲ, ಅದೇ ಭಯ. ನನ್ನ ಕೈಲಾಗಲ್ಲ, ನೀವೇ ಮಾತಾಡಿ."

"ಏನಂತೆ?"

"ಬೀರುವಿನ ಪುಸ್ತಕದ ಚಿತ್ರದಲ್ಲಿ ಇಬ್ಬರಿದ್ದಾರಂತೆ, ಮನೇಲಿ ಒಬ್ಬರೇ ಇದ್ದಾರಂತೆ. ಎರಡನೆಯವರು ಡಬ್ಬದಲ್ಲಿ ಬರಬೇಕಿತ್ತಾ ಅಂತ ಕೇಳ್ತಿದ್ದಾರೆ."

ಪುಸ್ತಕದಕ್ಕನಿಗೆ ನಗು ಬಂತು. "ಕೊಡು ಇತ್ತ" ಎಂದಳು.

ಆ ಕಡೆಯ ದನಿ ತಗ್ಗಿನದು, ಅವಸರವಿಲ್ಲದ್ದು. "ನಾನು ಗಡಿಯಾರ ರಿಪೇರಿ ಮಾಡೋನು ತಾಯಿ. ಅಂಗಡಿ ಮುಚ್ಚಿದೆ, ಸಾಮಾನೆಲ್ಲ ಮನೆಗೆ ತಂದೆ, ಇಡೋಕೆ ಜಾಗ ಇಲ್ಲ ಅಂತ ಬೀರು ತರಿಸಿದೆ. ಏಳನೇ ಹಂತದವರೆಗೂ ಬಂದೆ. ಅಲ್ಲಿ ಇನ್ನೊಬ್ಬರು ಬೇಕಂತೆ. ಪಕ್ಕದ ಮನೆಯವರನ್ನ ಕರೆಯೋಣ ಅಂದ್ರೆ ಮೂರು ವರ್ಷದಿಂದ ಮೆಟ್ಟಿಲ ಮೇಲೆ ತಲೆ ಆಡಿಸ್ತೀವಿ ಅಷ್ಟೇ. ಏಕಾಏಕಿ ಹೋಗಿ ಬೀರು ಎತ್ತಿ ಅನ್ನೋಕಾಗತ್ತಾ?"

"ಆಗಲ್ಲ ಯಜಮಾನ್ರೇ," ಎಂದಳು ಪುಸ್ತಕದಕ್ಕ. ಅದು ಅವಳಿಗೆ ಗೊತ್ತಿದ್ದ ವಿಷಯ. "ಫೋನ್ ನೆಲದ ಮೇಲಿಟ್ಟು ಜೋರಾಗಿ ಕೇಳೋ ಹಾಗೆ ಮಾಡಿ. ಆ ಪುಸ್ತಕ ಮುಚ್ಚಿಡಿ. ನಾನು ಓದ್ತೀನಿ, ನೀವು ಮಾಡಿ."

ಫೈಲು ತೆರೆದಳು. ಇಬ್ಬರು ಹಿಡಿಯಿರಿ, ಇಬ್ಬರು ಎತ್ತಿ ಎಂಬ ಸಾಲುಗಳು ನಡುವೆ ಅಡ್ಡ ಬರುವುದು ಬೇಡವೆಂದು ಹಸಿರು, ನೀಲಿ ಎರಡನ್ನೂ ಮುಚ್ಚಿದಳು, ಬೂದು ತೆರೆದಳು. ನಾಲ್ಕು ವರ್ಷದಲ್ಲಿ ಮೊದಲ ಸಲ ಆ ಸಾಲುಗಳನ್ನು ಬಾಯಿಬಿಟ್ಟು ಓದಿದಳು.

"ಹಲಗೆಯ ಆ ತುದಿಗೆ ಕುರ್ಚಿ ಕೊಡಿ. ಕುರ್ಚಿ ಜಾರೋ ನೆಲವಾದ್ರೆ ಕೆಳಗೆ ಒದ್ದೆ ಬಟ್ಟೆ."

"ಕೊಟ್ಟೆ. ಒದ್ದೆ ಬಟ್ಟೆ! ಇದು ಯಾರೋ ಮಾಡಿ ನೋಡಿದವರು ಬರೆದಿದ್ದು."

"ಹ್ಞೂಂ. ಈಗ ಮೊಣಕಾಲು."

"ಯಾವ ಮೊಣಕಾಲು? ಒಂದು ಕೆಲಸ ಮಾಡತ್ತೆ, ಇನ್ನೊಂದು ನಿವೃತ್ತಿ ತಗೊಂಡಿದೆ."

ಒಂದು ಗಂಟೆ ಹತ್ತು ನಿಮಿಷ. ನಡುವೆ ಒಮ್ಮೆ ಅವಳು 'ಕೂತು ನೀರು ಕುಡಿಯಿರಿ' ಎಂಬ ಸಾಲನ್ನೂ ಓದಿದಳು. ಅವರು ನಿಜಕ್ಕೂ ಕೂತು ಕುಡಿದರು, ಗುಟುಕಿನ ಸದ್ದು ಅವಳಿಗೆ ಕೇಳಿಸಿತು. ಕೊನೆಗೆ ಬಾಗಿಲೂ ಕೂತು ಬೀರು ನಿಂತಾಗ ಆ ಕಡೆಯಿಂದ "ನಿಂತ್ಕೊಂಡ್ತು ತಾಯಿ!" ಎಂಬ ಕೂಗು. ಫೋನು ಇಟ್ಟ ಮೇಲೆ ಅವಳಿಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಮಧ್ಯಾಹ್ನದ ಡಬ್ಬಿಯ ಊಟವನ್ನು ಕೊಡೆಯ ಕುರ್ಚಿಯ ಕಡೆ ತಿರುಗಿ ಕೂತು ಉಂಡಳು.

ಮಾರನೆಯ ದಿನವೇ ಮ್ಯಾನೇಜರ್ ಕರೆಸಿದರು. ಒಳ್ಳೆಯ ಮನುಷ್ಯ, ಕೆಟ್ಟ ಸುದ್ದಿ ಹೇಳುವಾಗ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಾರೆ. ಎದುರಿಗೆ ಸುರಕ್ಷಾಧಿಕಾರಿ ಕೂತಿದ್ದರು. ಏನು ಕೇಳಿದರೂ ಬೇಡ ಎನ್ನುವುದರಿಂದ ಅವರನ್ನು ಕಾರ್ಖಾನೆಯಲ್ಲಿ ಬೇಡಪ್ಪ ಎಂದು ಕರೆಯುತ್ತಿದ್ದರು. ಆ ಹೆಸರು ಅವರಿಗೂ ಗೊತ್ತಿತ್ತು, ಬೇಡ ಎನ್ನಲು ಹೋಗಿರಲಿಲ್ಲ.

"ಅಕ್ಕಾ, ಶುಕ್ರವಾರ ಸಂಜೆ ಐದಕ್ಕೆ ಫೈಲುಗಳೆಲ್ಲ ಹೊಸ ಸಾಫ್ಟ್‌ವೇರಿಗೆ ಹೋಗತ್ತೆ. ಬಳಕೆಯಲ್ಲಿ ಇಲ್ಲದ ಬಣ್ಣಗಳನ್ನ ಅದಕ್ಕೆ ಮುಂಚೆ ತೆಗೀಬೇಕು. ನಿಮ್ಮದರಲ್ಲಿ ಒಂದು ಬೂದು ಇದೆಯಂತಲ್ಲ?"

"ಅದು ಒಬ್ಬರೇ ಇರೋರಿಗೆ. ಅದನ್ನ ತೆಗೆಯೋದಲ್ಲ ಸಾರ್, ಅಚ್ಚು ಹಾಕಿಸಬೇಕು."

"ಬೇಡ," ಎಂದರು ಬೇಡಪ್ಪ. "ಅಷ್ಟೆತ್ತರದ ಬೀರು ಒಬ್ಬರು ಎತ್ತೋಕೆ ಹೋಗಿ ಮೈಮೇಲೆ ಬಿದ್ರೆ? ಇಬ್ಬರು ಅಂತ ಯಾಕೆ ಬರೆಸಿದ್ದೀನಿ? ತೂಕ ನೋಡಿ ಬರೆಸಿದ್ದೀನಿ."

"ನೀವು ಇಬ್ಬರು ಅಂತ ಬರೆದ ಮಾತ್ರಕ್ಕೆ ಮನೇಲಿ ಇಬ್ಬರು ಆಗಲ್ವಲ್ಲ ಸಾರ್. ಒಬ್ಬರೇ ಇರೋರು ಹೇಗೂ ಎತ್ತುತ್ತಾರೆ, ಯಾರೂ ಹೇಳಿಕೊಡದೆ ಎತ್ತುತ್ತಾರೆ."

ಮ್ಯಾನೇಜರ್ ಮುಚ್ಚಳ ಹಾಕಿದರು. "ಅಂಥೋರು ಎಷ್ಟು ಜನ ಇದ್ದಾರೆ? ಹೇಳಿ, ಮೇಲಿನವರಿಗೆ ತೋರಿಸ್ತೀನಿ."

ಅವಳು ಮಹಡಿ ಹತ್ತಿ ಫೋನಮ್ಮನನ್ನು ಕೇಳಿದಳು. ಫೋನಮ್ಮ ದೂರುಗಳ ಪಟ್ಟಿ ತೆಗೆದು ತೋರಿಸಿದಳು. ಸ್ಕ್ರೂ ಕಡಿಮೆ, ಹಲಗೆ ಬಿರುಕು, ಬಣ್ಣ ಬೇರೆ. "ಒಬ್ಬರೇ ಇದ್ದೀವಿ ಅಂತ ದೂರು ಬರ್ಕೊಳ್ಳೋಕೆ ಇಲ್ಲಿ ಜಾಗವೇ ಇಲ್ಲ ಅಕ್ಕಾ. 'ಇತರೆ' ಅಂತ ಒತ್ತುತ್ತೀನಿ. ಇತರೆಯಲ್ಲಿ ಎಲ್ಲಾ ಇದೆ, ನನ್ನನ್ನ ಮದುವೆಯಾಗ್ತೀಯಾ ಅಂದವನೂ ಇದ್ದಾನೆ."

ಶುಕ್ರವಾರ ಬೆಳಿಗ್ಗೆ ಅವಳು ಬೂದನ್ನು ತೆಗೆಯಲು ಕೂತಳು. ಬಣ್ಣದ ಹೆಸರು ಆರಿಸಿ ಅಳಿಸು ಎಂದರೆ ಸಾಫ್ಟ್‌ವೇರು ಸುಮ್ಮನೆ ಅಳಿಸುವುದಿಲ್ಲ. ಒಂದು ಚಿಕ್ಕ ಚೌಕ ತೆರೆದು ಕೇಳುತ್ತದೆ: ಈ ಬಣ್ಣದ ಪಠ್ಯವನ್ನೂ ಅಳಿಸಲೇ, ಇಲ್ಲಾ ಬಣ್ಣ ತೆಗೆದು ಎಲ್ಲರಿಗೂ ಕಾಣುವ ಹಾಗೆ ಮಾಡಲೇ? ಅವಳ ಕೈ ಎರಡನೆಯದರ ಮೇಲೆ ನಿಂತಿತು. ಅದನ್ನು ಒತ್ತಿದರೆ ಮೂವತ್ತೊಂದು ಸಾಮಾನಿನ ಬೂದು ಸಾಲುಗಳೂ ಕಪ್ಪಾಗಿ ಕಪ್ಪಿನ ಜೊತೆ ಬೆರೆತು ಎಲ್ಲ ಪುಸ್ತಕದಲ್ಲೂ ಅಚ್ಚಾಗುತ್ತವೆ. ಅಚ್ಚಾಗಿ ಡಬ್ಬಕ್ಕೆ ಸೇರುವವರೆಗೆ ಯಾರೂ ಓದುವವರಿಲ್ಲ. ಬಣ್ಣ ತೆಗೆ ಎಂದರು, ತೆಗೆದೆ ಎನ್ನಬಹುದು. ಸುಳ್ಳೂ ಅಲ್ಲ.

ಒತ್ತುವ ಮುಂಚೆ ಒಮ್ಮೆ ಓದಿಬಿಡೋಣ ಎನಿಸಿತು. ಚೌಕ ಮುಚ್ಚಿ, ಹಸಿರು ನೀಲಿ ಎರಡನ್ನೂ ಮರೆಮಾಡಿ, ಎತ್ತರದ ಬೀರುವಿನಿಂದಲೇ ಶುರುಮಾಡಿದಳು. ಮಂಗಳವಾರ ಫೋನಿನಲ್ಲಿ ಓದುವಾಗ ಅವರ ಮೊಣಕಾಲಿನ ಮೇಲೆ, ಅವರ ಉಸಿರಿನ ಮೇಲೆ ಗಮನವಿತ್ತು. ಈಗ ಬರಿಯ ಸಾಲುಗಳ ಮೇಲೆ. ಹದಿನಾಲ್ಕನೇ ಹಂತ, ಬೀರು ನಿಲ್ಲಿಸಿ. ಮುಂದಿನದು, ಬಾಗಿಲು ಕೂರಿಸಿ. ಅವಳು ಮತ್ತೆ ಓದಿದಳು. ನಿಲ್ಲಿಸಿ, ಬಾಗಿಲು ಕೂರಿಸಿ. ನಡುವೆ ಏನೋ ಇರಬೇಕಿತ್ತಲ್ಲ?

ಹಸಿರನ್ನು ತೆರೆದಳು. ನಡುವೆ ನಾಲ್ಕು ಸಾಲು ಬಂದು ಕೂತವು: 'ಬಾಗಿಲು ಕೂರಿಸುವ ಮುಂಚೆ ಉಕ್ಕಿನ ಪಟ್ಟಿಯಿಂದ ಬೀರುವನ್ನು ಗೋಡೆಗೆ ಬಿಗಿಯಿರಿ. ಬಿಗಿಯದಿದ್ದರೆ ಬೀರು ಮುಂದಕ್ಕೆ ಬೀಳಬಹುದು.'

ಆ ನಾಲ್ಕು ಸಾಲು ಬೇಡಪ್ಪನ ವಿಭಾಗದಿಂದ ಬಂದದ್ದು. 'ಇಬ್ಬರು ಎತ್ತಿ' ಸಾಲುಗಳ ಜೊತೆಗೇ ಅದಕ್ಕೂ ಹಸಿರು ಹಚ್ಚಿದ್ದಳು, ನೀಲಿ ಹಚ್ಚಿದ್ದಳು, ಬೂದು ಹಚ್ಚುವುದು ಮರೆತಿದ್ದಳು. ಒಂದು ಸಾಲಿಗೆ ಹಚ್ಚಿದ ಬಣ್ಣಗಳಲ್ಲಿ ಒಂದಾದರೂ ತೆರೆದಿದ್ದರೆ ಮಾತ್ರ ಅದು ಕಾಣುತ್ತದೆ. ಪರೀಕ್ಷೆಯ ಕೋಣೆಯಲ್ಲಾದರೂ ಅವಳು ಅದನ್ನು ಮಾಡಿದ್ದಿಲ್ಲ. ಅಲ್ಲಿನ ಗೋಡೆಗೆ ತೂತು ಕೊರೆಯಲು ಅನುಮತಿ ಇಲ್ಲ, ಜೋಡಿಸಿದ್ದನ್ನು ಸಂಜೆಗೆ ಬಿಚ್ಚಿಬಿಡುವುದು. ಕೈ ಮಾಡದ್ದನ್ನು ಕಣ್ಣೂ ಹುಡುಕಿರಲಿಲ್ಲ. ಪುಸ್ತಕ ಮುಚ್ಚಿಡಿ ಎಂದವಳೂ ಅವಳೇ. ಮಂಗಳವಾರದಿಂದ ಶುಕ್ರವಾರ, ಮೂರು ದಿನ ಆ ಬೀರು ಗೋಡೆಯ ಹಂಗಿಲ್ಲದೆ ನಿಂತಿದೆ.

ಮಹಡಿ ಹತ್ತಿ ಫೋನಮ್ಮನಿಂದ ನಂಬರು ತೆಗೆದುಕೊಂಡು ಅಲ್ಲಿಂದಲೇ ಫೋನ್ ಮಾಡಿದಳು. ಹೊಡೆದುಕೊಂಡು ನಿಂತಿತು. ಮತ್ತೆ ಮಾಡಿದಳು. ಮೂರನೆಯ ಸಲವೂ ಹಾಗೇ ಆದಾಗ ಅವಳ ಮುಖ ಬದಲಾದದ್ದನ್ನು ಫೋನಮ್ಮ ಗಮನಿಸಿದಳು. "ಸಾಮಾನು ಕಳಿಸಿದ ವಿಳಾಸ ಇದೆ, ತಗೊಳ್ಳಿ. ಗಾಬರಿಯಾಗಬೇಡಿ ಅಕ್ಕಾ, ಹೊರಗೆ ಹೋಗಿರಬಹುದು."

"ಒಬ್ಬರೇ ಇರೋರು ಬಿದ್ರೆ ಫೋನ್ ಎತ್ತೋದು ಯಾರು?" ಎಂದಳು ಪುಸ್ತಕದಕ್ಕ. ಎರಡು ಬಸ್ಸು ಬದಲಿಸಿ ಹೋದಳು. ಬಸ್ಸು ಪ್ರತಿ ನಿಲ್ದಾಣದಲ್ಲೂ ನಿಂತಿತು, ಯಾರೂ ಹತ್ತದ ಇಳಿಯದ ನಿಲ್ದಾಣದಲ್ಲೂ.

ಮೂರನೇ ಮಹಡಿ. ಗಂಟೆ ಒತ್ತಿದಳು, ಬಾಗಿಲು ತಟ್ಟಿದಳು. ಒಳಗೆ ಏನೂ ಇಲ್ಲ. ಪಕ್ಕದ ಮನೆಯ ಬಾಗಿಲು ಅರ್ಧ ತೆರೆದು ಒಂದು ಮುಖ ನೋಡಿ ತಲೆ ಆಡಿಸಿ ಮುಚ್ಚಿಕೊಂಡಿತು. ಮತ್ತೆ ತಟ್ಟಿದಾಗ ಒಳಗಿನಿಂದ ಚಪ್ಪಲಿ ಎಳೆಯುವ ಸದ್ದು ಬಂತು. ಆ ಸದ್ದಿನಷ್ಟು ಇಂಪಾದದ್ದನ್ನು ಅವಳು ಬಹಳ ದಿನದಿಂದ ಕೇಳಿರಲಿಲ್ಲ.

ಬಾಗಿಲು ತೆರೆದವರ ಹಣೆಯ ಮೇಲೆ ಒಂದು ಕಪ್ಪು ಭೂತಗನ್ನಡಿ ಕೂತಿತ್ತು. "ಯಾರು?"

"ನಾನು ಯಜಮಾನ್ರೇ. ಫೋನಲ್ಲಿ ಬೀರು ಕಟ್ಟಿಸಿದವಳು."

"ಓಹೋ, ತಾಯಿ! ದನಿಗೆ ಇಷ್ಟು ಬೇಗ ಕಾಲು ಬಂತಾ?" ಎಂದು ನಕ್ಕರು. "ಗಡಿಯಾರ ಬಿಚ್ಚಿ ಕೂತ್ರೆ ಫೋನ್ ಎತ್ತಲ್ಲ ನಾನು. ಕೈ ಅಲ್ಲಾಡಿದ್ರೆ ಎಲ್ಲಾ ಹಾಳು. ಬನ್ನಿ ಬನ್ನಿ."

ಕೋಣೆಯಲ್ಲಿ ಬೀರು ನಿಂತಿತ್ತು. ಅದರ ಮೇಲ್ಭಾಗದಲ್ಲಿ ಹಿತ್ತಾಳೆ ಗಡಿಯಾರಗಳ ಎರಡು ಪೆಟ್ಟಿಗೆ. ಅವರು ಹೆಮ್ಮೆಯಿಂದ ಎರಡೂ ಬಾಗಿಲು ತೆರೆದು ತೋರಿಸಿದರು. ತೆರೆದ ಕೂಡಲೇ ಬೀರುವಿನ ತಲೆ ಒಂದು ಬೆರಳಗಲ ಮುಂದಕ್ಕೆ ಬಂದು ನಿಂತಿತು. ಪುಸ್ತಕದಕ್ಕ ಹೋಗಿ ಅದಕ್ಕೆ ಎರಡೂ ಅಂಗೈ ಕೊಟ್ಟು ನಿಂತಳು.

"ಡಬ್ಬದಲ್ಲಿ ಒಂದು ಉಕ್ಕಿನ ಪಟ್ಟಿ ಉಳಿದಿತ್ತಾ?"

"ಉಳೀತು. ಕೇಳೋಣ ಅಂದ್ಕೊಂಡೆ. ಗಂಟೆಗಟ್ಟಲೆ ಓದಿದ್ದೀರಿ, ಇನ್ನೂ ತೊಂದರೆ ಕೊಡೋದು ಯಾಕೆ ಅಂತ ಸುಮ್ಮನಾದೆ."

"ಅದು ನನ್ನ ತಪ್ಪು. ನಾನು ಓದಿದ್ರಲ್ಲಿ ಅದು ಇರಲಿಲ್ಲ. ನೀವು ಹುಷಾರಾಗಿದ್ದೀರಲ್ಲ, ಅಷ್ಟು ಸಾಕು. ಮೊದಲು ಪೆಟ್ಟಿಗೆ ಇಳಿಸಿ."

ಅವರು ಪೆಟ್ಟಿಗೆ ಇಳಿಸಿದರು, ಡ್ರಿಲ್ ತಂದರು. ಅವಳು ಹಿಡಿದು ನಿಂತಳು, ಅವರು ಕೊರೆದು ಪಟ್ಟಿ ಬಿಗಿದರು. ಗಡಿಯಾರದ ಸ್ಕ್ರೂಗೆ ಪಳಗಿದ ಕೈ, ಒಂದು ಸುತ್ತೂ ಹೆಚ್ಚಿಲ್ಲ ಕಡಿಮೆಯಿಲ್ಲ. ಮುಗಿದ ಮೇಲೆ ಅವಳು ಹೆಗಲು ಕೊಟ್ಟು ತಳ್ಳಿ ನೋಡಿದಳು. ಬೀರು ಅಲ್ಲಾಡಲಿಲ್ಲ.

ಕೈ ಒರೆಸಿಕೊಳ್ಳುತ್ತಾ ಅವರು ಕೇಳಿದರು, "ಅವತ್ತು ನೀವು ಓದಿದ್ದನ್ನ ನಾನು ಆಮೇಲೆ ಪುಸ್ತಕದಲ್ಲಿ ಹುಡುಕಿದೆ ತಾಯಿ. ನೀರು ಕುಡೀರಿ ಅಂತ ಇತ್ತಲ್ಲ. ಎಲ್ಲೂ ಸಿಗ್ಲಿಲ್ಲ."

"ಅದು ಅಚ್ಚಾಗಿಲ್ಲ."

"ಮತ್ತೆ ಯಾರಿಗೆ ಅಂತ ಬರೆದ್ರಿ?"

ಅವಳು ಐದಕ್ಕೆ ಕೆಲಸವಿದೆ ಎಂದಳು. ಅವರು ಕಾಫಿಗೆ ಇಟ್ಟ ನೀರು ಕುದಿಯುವ ಮೊದಲೇ ಮೆಟ್ಟಿಲು ಇಳಿದಳು. ಇಳಿದಾದ ಮೇಲೆ ಕಾಯಬಹುದಿತ್ತು ಎನಿಸಿತು.

ಕಚೇರಿ ಸೇರಿದಾಗ ನಾಲ್ಕೂ ಇಪ್ಪತ್ತು. ನೇರ ಬೇಡಪ್ಪನ ಮೇಜಿಗೆ ಹೋಗಿ ನಿಂತು ನಡೆದದ್ದನ್ನೆಲ್ಲ ಹೇಳಿದಳು. ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

"ಅಕ್ಕಾ, ಅದಕ್ಕೇ ನಾನು ಬೇಡ ಅಂದಿದ್ದು."

"ಇಲ್ಲ ಸಾರ್. ಬರೆದಿದ್ದಕ್ಕೆ ತಪ್ಪಾಗಲಿಲ್ಲ, ಯಾರೂ ನೋಡದೆ ಇದ್ದಿದ್ದಕ್ಕೆ ತಪ್ಪಾಯ್ತು. ನೀವು ಒಂದು ಸಲ ಓದಿದ್ರೆ ಒಂದೇ ನಿಮಿಷಕ್ಕೆ ಹಿಡೀತಿದ್ರಿ."

"ಹಿಡೀತಿದ್ದೆ. ನನಗೆ ಯಾವತ್ತು ತೋರಿಸಿದ್ರಿ?"

ಬೇಡಪ್ಪ ಸಿಟ್ಟಿನಿಂದ ಕೇಳಿರಲಿಲ್ಲ. ಅದೇ ಹೆಚ್ಚು ನಾಟಿತು. ಅವರು ಎದ್ದು ಚೀಲ ಹೆಗಲಿಗೆ ಹಾಕಿಕೊಂಡರು. "ಇವತ್ತು ಬೇಗ ಹೋಗಬೇಕು, ಮನೆಯವಳಿಗೆ ಹುಷಾರಿಲ್ಲ. ಆ ಬೂದು ಮಾತ್ರ ಇಟ್ಕೋಬೇಡಿ."

ತನ್ನ ಮೇಜಿಗೆ ಬಂದು ಪುಸ್ತಕದಕ್ಕ ಮೊದಲು ಮೂವತ್ತೊಂದು ಸಾಮಾನಿನ ಬೂದು ಪುಸ್ತಕಗಳನ್ನೂ ಪ್ರಿಂಟಿಗೆ ಕೊಟ್ಟಳು. ಕಪ್ಪೂ ಬೂದೂ ಸೇರಿ ಇನ್ನೂರಹನ್ನೆರಡು ಹಾಳೆ. ಕೊನೆಯ ಹಾಳೆ ಬಿದ್ದಾಗ ಐದಾಗಲು ಎಂಟು ನಿಮಿಷವಿತ್ತು. ಬಣ್ಣದ ಹೆಸರು ಆರಿಸಿ ಅಳಿಸು ಎಂದಳು. ಚೌಕ ತೆರೆದು ಅದೇ ಪ್ರಶ್ನೆ ಕೇಳಿತು. ಬೀರುವಿನ ಬಾಗಿಲು ತೆರೆದಾಗ ಅದರ ತಲೆ ಮುಂದಕ್ಕೆ ಬಂದದ್ದು ಕಣ್ಣ ಮುಂದೆ ಬಂತು. ಉಳಿದ ಮೂವತ್ತರಲ್ಲಿ ಇಂಥದ್ದು ಇನ್ನೆಷ್ಟಿದೆಯೋ ಅವಳಿಗೇ ಗೊತ್ತಿರಲಿಲ್ಲ. ಪಠ್ಯವನ್ನೂ ಅಳಿಸು ಎಂಬುದನ್ನು ಒತ್ತಿದಳು.

ಏನೂ ಆಗಲಿಲ್ಲ. ಸಾಲುಗಳು ಮೇಲಕ್ಕೆ ಸರಿದು ಕೂತವು, ಪುಟದ ಅಂಕಿಗಳು ತಾವಾಗಿಯೇ ಸರಿಹೋದವು. ಒಂದರ ಹಿಂದೆ ಒಂದು, ಮೂವತ್ತೊಂದು ಫೈಲು. ಐದಕ್ಕೆ ಎಲ್ಲವನ್ನೂ ಕಳಿಸಿದಳು.

ಇನ್ನೂರಹನ್ನೆರಡು ಹಾಳೆ ಎದೆಗವಚಿಕೊಂಡು ಬೇಡಪ್ಪನ ಕೋಣೆಗೆ ಹೋದಳು. ಹಾಳೆಗಳನ್ನು ಮೇಜಿನ ನಡುವೆ ಇಟ್ಟಳು. ಮೇಲಿನ ಹಾಳೆಯ ಮೂಲೆಯಲ್ಲಿ ಏನು ಬರೆಯುವುದೆಂದು ಸ್ವಲ್ಪ ಹೊತ್ತು ನಿಂತಳು. ಜನರಿಗೆ ಹೇಳಿಕೊಡುವುದು ಅವಳಿಗೆ ಬರುತ್ತಿತ್ತು, ಕೇಳುವುದು ಅಭ್ಯಾಸವಿರಲಿಲ್ಲ. ಕೊನೆಗೆ ಬರೆದಳು: 'ಒಬ್ಬಳೇ ಓದಿ ಸಾಕಾಗಿದೆ. ದಯವಿಟ್ಟು ತಪ್ಪು ಹುಡುಕಿ ಕೊಡಿ.'

ಫ್ಯಾನು ಇನ್ನೂ ತಿರುಗುತ್ತಿತ್ತು. ಹಾಳೆಗಳ ಅಂಚು ಏಳುತ್ತಿತ್ತು. ಅವರ ನೀರಿನ ಲೋಟವನ್ನು ಅದರ ಮೇಲಿಟ್ಟಳು, ಫ್ಯಾನು ಆರಿಸಿದಳು. ಅದು ಪೂರ್ತಿ ನಿಲ್ಲುವವರೆಗೂ ಬಾಗಿಲಲ್ಲಿ ನಿಂತಿದ್ದು, ಆಮೇಲೆ ಹೊರಟಳು.